ನಿಂತರೆ ಬಿಸಿ, ಓಡಿದರೆ ತಂಪು

ಏಪ್ರಿಲ್ ತಿಂಗಳು ಬಂತೆಂದರೆ ನಮ್ಮಂಥ ಹೊರನಾಡಿನವರ ಮನೆಗಳಲ್ಲಿ ಊರಿನ ಮಾತು ಏಳುತ್ತದೆ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ. ಊರಿನಲ್ಲಿ ಮದುವೆಯೋ, ಜಾತ್ರೆಯೋ, ಗೃಹಪ್ರವೇಶವೋ ಒಂದಲ್ಲ ಒಂದು ಕಾದಿರುತ್ತದೆ. ರೈಲಿನಲ್ಲಿ ಸ್ಥಳ ಸಿಕ್ಕವರು ಪುಣ್ಯವಂತರು. ಸಿಕ್ಕದವರು, ಸಾಮಾನು ಹೆಚ್ಚಾದವರು, ಮಂಡಿನೋವಿನ ವೃದ್ಧರನ್ನು ಕರೆದೊಯ್ಯಬೇಕಾದವರು ಯಾರದಾದರೊಂದು ಹಳೆಯ ಗಾಡಿಯನ್ನು ನೆಚ್ಚಿ ಹೊರಡುತ್ತಾರೆ. ೨೦೨೪ರ ಮೇ ತಿಂಗಳಲ್ಲಿ ನಾವು ಈ ಮೂರೂ ಪಂಗಡಗಳಿಗೆ ಒಟ್ಟಿಗೇ ಸೇರಿದ್ದೆವು. ಆಗ ನಮಗೊದಗಿದ ಅನುಭವವನ್ನು ವಾಚಕರ ಮುಂದಿಡುವುದು, ಬರುವ ಬೇಸಗೆಯಲ್ಲಿ ಇನ್ನೊಂದು ಮನೆಯವರಿಗೆ ಅದು ಒದಗದಿರಲೆಂದು.

ನಮ್ಮ ಭಾವಮೈದುನನದೊಂದು ಪಿಕಪ್ಪು ಗಾಡಿ ಇದೆ. ೨೦೦೯ರಲ್ಲಿ ತಯಾರಾದದ್ದು. ಮುಂದೆ ಎರಡು ಸಾಲು ಆಸನ, ಹಿಂದೆ ಸಾಮಾನು ಹೇರುವ ತೊಟ್ಟಿ. ಅವನು ಪುಣೆಯಲ್ಲಿ ನಮ್ಮ ಕಡೆಯ ಬಿಳಿಜೋಳ, ಸಜ್ಜೆ, ತೊಗರಿಬೇಳೆಗಳ ವ್ಯಾಪಾರ ಮಾಡುತ್ತಾನೆ. ಗಾಡಿ ವಾರವಿಡೀ ಚೀಲ ಹೊರುತ್ತದೆ, ಭಾನುವಾರ ನಮ್ಮನ್ನು ಹೊರುತ್ತದೆ. ಎಪ್ಪತ್ತಾರು ವರ್ಷದ ನಮ್ಮ ತಾಯಿಯವರಿಗೆ ಆ ಗಾಡಿಯೆಂದರೆ ಬಹಳ ಇಷ್ಟ. ಸಣ್ಣ ಕಾರಿನಲ್ಲಿ ಕುಸಿದು ಕೂರಬೇಕು, ಏಳುವಾಗ ಮಂಡಿ ಹಿಡಿಯುತ್ತದೆ. ಪಿಕಪ್ಪಿನ ಆಸನವಾದರೆ ಎತ್ತರ, ಒಂದು ಮಣೆಯಿಟ್ಟು ಹತ್ತಿಸಿಬಿಟ್ಟರೆ ಜಗಲಿಯ ಮೇಲೆ ಕುಳಿತಂತೆ ಕುಳಿತು ದಾರಿಯ ಹೊಲಗಳನ್ನೆಲ್ಲ ನೋಡಬಹುದು. ಅಣ್ಣನ ಮಗಳ ಮದುವೆಗೆ ಇಂಡಿ ತಾಲ್ಲೂಕಿನ ನಮ್ಮ ಊರಿಗೆ ಪಾತ್ರೆಪಡಗಗಳನ್ನೂ ತಾಯಿಯವರನ್ನೂ ಅದರಲ್ಲೇ ಒಯ್ಯುವುದೆಂದು ತೀರ್ಮಾನವಾಯಿತು.

ಗಾಡಿಯ ಏಸಿಯದು ಮಾತ್ರ ಒಂದು ವರ್ಷದಿಂದ ತಗಾದೆ. ೨೦೨೩ರ ಮೇ ತಿಂಗಳಲ್ಲಿ ತಂಪು ಸಾಲದೆ ಒಂದು ಗ್ಯಾರೇಜಿಗೆ ಒಯ್ದಾಗ, "ಗ್ಯಾಸು ಮುಗಿದಿದೆ" ಎಂದು ತುಂಬಿಸಿ ೧,೮೦೦ ರೂಪಾಯಿ ತೆಗೆದುಕೊಂಡರು. ಅಕ್ಟೋಬರಿನಲ್ಲಿ ಮತ್ತೆ ಅದೇ ಕಥೆ. ಇನ್ನೊಂದು ಗ್ಯಾರೇಜು, ೨,೦೦೦ ರೂಪಾಯಿ. ಪ್ರಯಾಣಕ್ಕೆ ಹನ್ನೆರಡು ದಿನ ಮುಂಚೆ ಮೂರನೆಯ ಗ್ಯಾರೇಜಿನಲ್ಲಿ ೨,೨೦೦ ರೂಪಾಯಿ ಕೊಟ್ಟು ಮೂರನೆಯ ಸಲ ತುಂಬಿಸಿದೆವು. ಮೂರು ಕಡೆಯೂ ರಸೀತಿ ಕೇಳಿ ಪಡೆದಿದ್ದೇವೆ, ಅದು ನಮ್ಮ ಕಸುಬಿನ ಚಾಳಿ. ರಸೀತಿ ಕೈಯಲ್ಲಿದ್ದ ಮೇಲೆ ಕೆಲಸವೂ ಆಗಿದೆಯೆಂದು ನಂಬುವುದು ಇನ್ನೊಂದು ಚಾಳಿ.

ಬೆಳಗಿನ ಐದಕ್ಕೆ ಹೊರಡಬೇಕಾದವರು ಹೊರಟದ್ದು ಒಂಬತ್ತಕ್ಕೆ. ಮದುವೆಯ ಸಾಮಾನು ಕಟ್ಟುವ ಮನೆಗಳಲ್ಲಿ ಇದು ಹೊಸದಲ್ಲ. ಹೆದ್ದಾರಿಯಲ್ಲಿ ಗಾಡಿ ಓಡುತ್ತಿರುವಷ್ಟು ಹೊತ್ತು ತಂಪು ಚೆನ್ನಾಗಿಯೇ ಬರುತ್ತಿತ್ತು. ಉಜನಿಯ ಹಿನ್ನೀರು ಕಂಡಾಗ ತಾಯಿಯವರು ಸೆರಗು ಹೊದ್ದು ಕೂಡ ಕುಳಿತಿದ್ದರು. ಮಧ್ಯಾಹ್ನ ಮೊಹೋಳದ ಹತ್ತಿರ ಮುಂದೆ ಯಾವುದೋ ಲಾರಿ ಅಡ್ಡಬಿದ್ದು ದಾರಿ ಕಟ್ಟಿತು. ಹಿಂದೆ ಮುಂದೆ ಸಾಲುಗಟ್ಟಿ ಗಾಡಿಗಳು, ಮರದ ನೆರಳಿಲ್ಲ, ನೆತ್ತಿಯ ಮೇಲೆ ಮೇ ತಿಂಗಳ ಸೂರ್ಯ. ಐದು ನಿಮಿಷದಲ್ಲಿ ಗಾಳಿಕಂಡಿಗಳಿಂದ ಬರುತ್ತಿದ್ದ ತಂಪು ಸಪ್ಪಗಾಯಿತು. ಹತ್ತು ನಿಮಿಷದಲ್ಲಿ ಬಿಸಿಯಾಯಿತು. "ಗಾಳಿ ಇಲ್ಲೋ ತಮ್ಮಾ" ಎಂದರು ತಾಯಿಯವರು. "ಬರತದ ತಡಿ ಅವ್ವ, ಮೊನ್ನೇನ ಗ್ಯಾಸು ತುಂಬಿಸೇವಿ" ಎಂದೆವು ನಾವು.

ಈ ಮಾತನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಖಿಡಕಿ ತೆರೆಯಲಿಲ್ಲ. ತೆರೆದರೆ ಇದ್ದ ತಂಪೂ ಹೋದೀತು ಎಂಬ ಲೆಕ್ಕ. ಹೊರಗಿನ ಗಾಳಿ ಒಳಬರದೆ ಒಳಗಿನದೇ ತಿರುಗುವಂತೆ ಗುಂಡಿ ಒತ್ತಿಟ್ಟಿದ್ದೆವು. ಅಂದರೆ ನಾಲ್ಕು ಜನರ ಉಸಿರು, ಬೆವರು, ಕಾದ ತಗಡಿನ ಝಳ ಇಷ್ಟನ್ನೇ ಪಂಖೆ ಮತ್ತೆ ಮತ್ತೆ ನಮ್ಮ ಮುಖಕ್ಕೆ ಎರಚುತ್ತಿತ್ತು. ಇಪ್ಪತ್ತೈದು ನಿಮಿಷವಾದ ಮೇಲೆ ನಮ್ಮ ಹೆಂಡತಿ, "ಅತ್ತೀರು ಮಾತಾಡವಲ್ರು" ಎಂದು ಕೂಗಿದಾಗಲೇ ಬಾಗಿಲು ತೆರೆದದ್ದು. ತಾಯಿಯವರ ತಲೆ ಒಂದು ಕಡೆ ವಾಲಿತ್ತು. ಕರೆದರೆ ತೊದಲು ಉತ್ತರ. ಒದ್ದೆ ಬಟ್ಟೆಯಿಂದ ಮೈ ಒರೆಸಿ, ಪಾತ್ರೆಯ ಮುಚ್ಚಳದಿಂದ ಗಾಳಿ ಬೀಸಿ, ದಾರಿ ಬಿಟ್ಟೊಡನೆ ನಾಲ್ಕೂ ಖಿಡಕಿ ತೆರೆದು ಸೊಲ್ಲಾಪುರದ ಒಂದು ಆಸ್ಪತ್ರೆಗೆ ಮುಟ್ಟಿಸಿದೆವು. ಸಲೈನು ಹಾಕಿದರು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ವೃದ್ಧರಿಗೆ ಸೆಖೆ ಬೇಗ ತಾಗುತ್ತದೆಂದು ವೈದ್ಯರು ಹೇಳಿದರು. ಸಂಜೆಯ ಹೊತ್ತಿಗೆ ತಾಯಿಯವರು ಕಣ್ಣು ಬಿಟ್ಟು, ಪಾತ್ರೆಯ ಗಂಟು ಎಲ್ಲಿದೆಯೆಂದು ಕೇಳಿದರು. ಒಂದು ರಾತ್ರಿ ಇರಲಿ ಎಂದರು ವೈದ್ಯರು.

ಹೀಗೆ ಆ ಸಂಜೆ ನಾವೂ ಭಾವಮೈದುನನೂ ವಿಜಯಪುರ ರಸ್ತೆಯ ಒಬ್ಬ ವೃದ್ಧ ಮಿಸ್ತ್ರಿಯ ಅಂಗಳದಲ್ಲಿ ಗಾಡಿ ನಿಲ್ಲಿಸಿದೆವು. ಸೊಲ್ಲಾಪುರದಲ್ಲಿ ಕನ್ನಡಕ್ಕೇನೂ ಕೊರತೆಯಿಲ್ಲವಷ್ಟೆ. ನಾವು ಹೋದವರೇ, "ಗ್ಯಾಸು ನೋಡಿ ತುಂಬಿಬಿಡ್ರಿ" ಎಂದೆವು. ಮಿಸ್ತ್ರಿ ಎದ್ದು ಬರಲೂ ಇಲ್ಲ. ಕುಳಿತಲ್ಲಿಂದಲೇ ಕೇಳಿದ: "ಗಾಡಿ ನಿಂತಾಗ ಬಿಸಿ ಗಾಳಿ ಬರ್ತದೋ, ಓಡುವಾಗನೂ ಬರ್ತದೋ, ಅದನ್ನ ಮೊದಲ ಹೇಳ್ರಿ ಸಾಹೇಬ್ರ." ಓಡುವಾಗ ತಂಪು, ನಿಂತರೆ ಬಿಸಿ ಎಂದೆವು. "ಹಂಗಾದ್ರ ಗ್ಯಾಸಿನ ಮಾತು ಆಮ್ಯಾಲ" ಎಂದು ಎದ್ದ. ಮೂರು ಗ್ಯಾರೇಜುಗಳಲ್ಲಿ ಯಾರೂ ಈ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ.

ಮಿಸ್ತ್ರಿಯ ಮಾತು ತಿಳಿಯಬೇಕಾದರೆ ಯಂತ್ರದ ಹದವನ್ನು ಸ್ವಲ್ಪ ತಿಳಿದಿರಬೇಕು. ಸೂಜಿ ಚುಚ್ಚುವ ಮುನ್ನ ಕಂಪೌಂಡರು ತೋಳಿಗೆ ಸ್ಪಿರಿಟ್ ಸವರಿದಾಗ ಚಳಿ ಎನಿಸುತ್ತದೆಯಲ್ಲವೆ? ದ್ರವ ಆವಿಯಾಗಿ ಹಾರುವಾಗ ಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಏಸಿ ಮಾಡುವುದೂ ಇಷ್ಟೇ. ಅದರ ಕೊಳವೆಗಳಲ್ಲಿರುವ ಅನಿಲಕ್ಕೆ ಮಿಸ್ತ್ರಿಗಳು ಇಟ್ಟ ಹೆಸರು ಗ್ಯಾಸು. ಈ ಕಾಲದ ಬಹುಪಾಲು ಹಳೆಯ ಗಾಡಿಗಳಲ್ಲಿರುವುದು ಆರ್-೧೩೪ಎ ಎಂಬುದು. ಒತ್ತಡವಿಲ್ಲದಿದ್ದರೆ ಅದು ಸೊನ್ನೆಗಿಂತ ೨೬ ಡಿಗ್ರಿ ಕೆಳಗೇ ಕುದಿದು ಆವಿಯಾಗಿಬಿಡುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನಲ್ಲಿ ಅದು ಆವಿಯಾಗುತ್ತ ಒಳಗಿನ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಎಂಜಿನ್ನಿನ ಪಟ್ಟಿಯಿಂದ ತಿರುಗುವ ಕಂಪ್ರೆಸರು ಆ ಆವಿಯನ್ನು ಒತ್ತಿ ಮುಂಭಾಗದ ಕಂಡೆನ್ಸರಿಗೆ ನೂಕುತ್ತದೆ. ರೇಡಿಯೇಟರಿನ ಮುಂದೆ ಜಾಳಿಗೆಯಂತೆ ನಿಂತಿರುವುದೇ ಕಂಡೆನ್ಸರು. ಅಲ್ಲಿ ಹೊರಗಿನ ಗಾಳಿ ತಾಗಿ, ಹೀರಿದ ಬಿಸಿಯನ್ನೆಲ್ಲ ಬಿಟ್ಟುಕೊಟ್ಟು ಅನಿಲ ಮತ್ತೆ ದ್ರವವಾಗುತ್ತದೆ. ಡ್ರೈಯರೆಂಬ ಡಬ್ಬಿಯಲ್ಲಿ ತೇವ ಕಳೆದುಕೊಂಡು, ಎಕ್ಸ್‌ಪ್ಯಾನ್ಷನ್ ವಾಲ್ವಿನ ಕಿರುಗಂಡಿಯಿಂದ ನುಸುಳಿ ಮತ್ತೆ ಕಾಯಿಲಿಗೆ. ಗಾಣದೆತ್ತಿನ ಸುತ್ತು.

ವಿಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಎಂಜಿನಿಯರು ೧೯೦೨ರಲ್ಲಿ ಮೊದಲು ಇಂಥ ಏರ್ಪಾಡನ್ನು ರೂಪಿಸಿದ್ದು ಮನುಷ್ಯರ ಸುಖಕ್ಕಲ್ಲ. ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣ ಕೆಡುತ್ತಿತ್ತೆಂದು. ಮೋಟಾರಿಗೆ ಅದು ಬಂದದ್ದು ೧೯೪೦ರ ಪ್ಯಾಕಾರ್ಡ್ ಗಾಡಿಯಲ್ಲಿ. ಅದರಲ್ಲಿ ತಂಪು ಹೆಚ್ಚಾದರೆ ನಿಲ್ಲಿಸಲು ಗುಂಡಿಯಿರಲಿಲ್ಲ. ಎಂಜಿನ್ ನಿಲ್ಲಿಸಿ, ಬಾನೆಟ್ಟು ಎತ್ತಿ, ಪಟ್ಟಿ ಕಳಚಬೇಕಾಗಿತ್ತಂತೆ. ಆ ದೊರೆಗಳಿಗೆ ಹೋಲಿಸಿದರೆ ನಮ್ಮ ಕಷ್ಟ ಕಡಿಮೆಯೇ.

ಈಗ ಮಿಸ್ತ್ರಿಯ ಪ್ರಶ್ನೆಯ ಮರ್ಮ ತಿಳಿಯಿತು. ಕಂಡೆನ್ಸರಿಗೆ ಗಾಳಿ ಬೇಕು. ಗಾಡಿ ಓಡುವಾಗ ಎದುರುಗಾಳಿಯೇ ಸಾಕು. ನಿಂತಾಗ ಗಾಳಿ ಎಳೆಯುವುದು ಪಂಖೆಯ ಕೆಲಸ. ನಿಂತಾಗ ಮಾತ್ರ ಬಿಸಿ ಎಂದರೆ ಮೊದಲ ಗುಮಾನಿ ಪಂಖೆಯ ಮೇಲೆ, ಎರಡನೆಯದು ಜಾಳಿಗೆಯ ಕಸದ ಮೇಲೆ. ಮಿಸ್ತ್ರಿ ಎಂಜಿನ್ ಚಾಲೂ ಮಾಡಿಸಿ ಏಸಿ ಹಾಕಿಸಿದ. ಕಂಪ್ರೆಸರಿನ ಕ್ಲಚ್ಚು 'ಟಕ್' ಎಂದು ಕಚ್ಚಿದ್ದು ಕೇಳಿಸಿತು. ಬಾನೆಟ್ಟಿನ ಮುಂದೆ ಬಗ್ಗಿ ಬ್ಯಾಟರಿ ಹಿಡಿದು ತೋರಿಸಿದ: ಕಂಡೆನ್ಸರಿನ ಮುಂದಿನ ವಿದ್ಯುತ್ ಪಂಖೆ ಅಲುಗಾಡದೆ ನಿಂತಿತ್ತು. ಎಂಜಿನ್ ಆರಿಸಿ, ಎರಡು ತಂತಿಗಳಿಂದ ಪಂಖೆಗೆ ನೇರವಾಗಿ ಬ್ಯಾಟರಿಯ ವಿದ್ಯುತ್ತು ಕೊಟ್ಟ, ಆಗಲೂ ತಿರುಗಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟಾರಿನ ನೆತ್ತಿಗೊಂದು ಮೊಟಕಿದ. ಗೊರಕೆ ಹೊಡೆಯುತ್ತ ನಾಲ್ಕು ಸುತ್ತು ತಿರುಗಿ ನಿಂತಿತು. ಒಳಗಿನ ಕಾರ್ಬನ್ನು ತೇದುಹೋಗಿದೆ ಎಂದ. ನೇರ ತಂತಿಗೆ ಪಂಖೆ ಚೆನ್ನಾಗಿ ತಿರುಗಿದ್ದರೆ ದೋಷ ಫ್ಯೂಸಿನಲ್ಲೋ ರಿಲೇಯಲ್ಲೋ ತಂತಿಯಲ್ಲೋ ಇರುತ್ತಿತ್ತು. ಆಗ ಮೋಟಾರು ಬದಲಿಸುವುದು ದಂಡದ ಖರ್ಚಾಗುತ್ತಿತ್ತು.

ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಮಿಸ್ತ್ರಿ ಒಂದು ತೆಳು ಪಟ್ಟಿಯಾಡಿಸಿದ. ಜೋಳದ ಹೊಟ್ಟು, ಕಬ್ಬಿನ ರವದಿಯ ಚೂರು, ಚಿಟ್ಟೆಗಳ ರೆಕ್ಕೆ, ಹದಿನೈದು ವರ್ಷದ ಧೂಳು, ಎಲ್ಲ ಸೇರಿ ಕಂಬಳಿಯ ತುಂಡಿನಂತೆ ಹೊರಬಂತು. ಹೊರಗಿನಿಂದ ನೋಡಿದರೆ ಕಂಡೆನ್ಸರು ಚೊಕ್ಕಟವಾಗಿಯೇ ಕಾಣುತ್ತಿತ್ತು. ಪ್ರತಿ ತಿಂಗಳೂ ನಾವೇ ಪೈಪು ಹಿಡಿದು ಮುಂದಿನಿಂದ ನೀರು ಹೊಡೆದು ಕಸವನ್ನು ಇನ್ನಷ್ಟು ಒಳಕ್ಕೆ ತುರುಕಿದ್ದೆವು. ಎಂಜಿನ್ನಿನ ಕಡೆಯಿಂದ ಹೊರಮುಖವಾಗಿ, ಗಿಡಕ್ಕೆ ನೀರುಣಿಸುವ ಹದದಲ್ಲಿ ತೊಳೆಯಬೇಕು. ಸರ್ವೀಸ್ ಸ್ಟೇಷನ್ನಿನ ಜೋರು ಧಾರೆ ಬಿಟ್ಟರೆ ಅಲ್ಯುಮಿನಿಯಮ್ಮಿನ ರೆಕ್ಕೆಗಳು ಮಡಚಿ ಗಾಳಿಯ ದಾರಿ ಮತ್ತಷ್ಟು ಮುಚ್ಚುತ್ತದೆ ಎಂದ.

ರಾತ್ರಿಯಾಗಿತ್ತು. ಗಾಡಿಯನ್ನು ಅಲ್ಲೇ ಬಿಟ್ಟು ಆಸ್ಪತ್ರೆಗೆ ನಡೆದೆವು.

ಮರುದಿನ ಬೆಳಿಗ್ಗೆ ಮಿಸ್ತ್ರಿ ಎರಡು ಗೇಜುಗಳ ಸಾಧನ ತಗುಲಿಸಿದ. ನೀಲಿಯದು ಕಡಿಮೆ ಒತ್ತಡದ ಕೊಳವೆಗೆ, ಕೆಂಪಿನದು ಹೆಚ್ಚು ಒತ್ತಡದ್ದಕ್ಕೆ. ರಾತ್ರಿಯೆಲ್ಲ ನಿಂತ ಗಾಡಿಯಾದ್ದರಿಂದ ಎರಡು ಮುಳ್ಳುಗಳೂ ಒಂದೇ ಕಡೆ, ಹೆಚ್ಚುಕಡಿಮೆ ನೂರು ಪೌಂಡಿನಲ್ಲಿ ನಿಂತಿದ್ದವು. ಹೊರಗೆ ಮೂವತ್ತು ಡಿಗ್ರಿ ಸೆಖೆಯಿರುವಾಗ ಇಷ್ಟೇ ಇರಬೇಕಂತೆ. ಆದರೆ ಇದರಿಂದ ಒಳಗೆ ಗ್ಯಾಸು ಇದೆಯೆಂದಷ್ಟೇ ತಿಳಿಯುತ್ತದೆ, ಎಷ್ಟಿದೆಯೆಂದು ತಿಳಿಯುವುದಿಲ್ಲ. ಅಡಿಗೆಮನೆಯ ಸಿಲಿಂಡರು ತುಂಬಿರಲಿ, ಅರ್ಧವಿರಲಿ, ದ್ರವವಿರುವ ತನಕ ಒತ್ತಡ ಒಂದೇ ಆಗಿರುವಂತೆ. ಪಂಖೆಯನ್ನು ಇನ್ನೂ ಬದಲಿಸದೆಯೇ ಎಂಜಿನ್ ಚಾಲೂ ಮಾಡಿದ. ನೀಲಿ ಮುಳ್ಳು ಮೂವತ್ತು ನಲವತ್ತಕ್ಕೆ ಇಳಿಯಬೇಕಾದದ್ದು ಅರವತ್ತರ ಕೆಳಗೆ ಬರಲೇ ಇಲ್ಲ. ಕೆಂಪು ಮುಳ್ಳು ೨೦೦, ೨೫೦ರ ಸುಮಾರಿನಲ್ಲಿ ನಿಲ್ಲಬೇಕಾದದ್ದು ನೋಡನೋಡುತ್ತ ೩೫೦ ದಾಟಿತು. ಮಿಸ್ತ್ರಿ ಒಂದು ಚೆಂಬು ನೀರನ್ನು ಕಂಡೆನ್ಸರಿನ ಮೇಲೆ ಸುರಿದ. ಮುಳ್ಳು ಸರ್ರನೆ ಇಳಿಯಿತು. ನೀರು ಆರಿತು, ಮುಳ್ಳು ಮತ್ತೆ ಏರಿತು. ಬಿಸಿ ಬಿಡುವ ಜಾಗದಲ್ಲೇ ರೋಗವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಒತ್ತಡ ಇನ್ನೂ ಏರಿದರೆ ಕೊಳವೆ ಒಡೆಯದಿರಲೆಂದು ಒಂದು ಸ್ವಿಚ್ಚು ಕಂಪ್ರೆಸರನ್ನೇ ನಿಲ್ಲಿಸಿಬಿಡುತ್ತದೆ. ಮೊಹೋಳದ ಬಿಸಿಲಿನಲ್ಲಿ ಆದದ್ದು ಅದೇ. ಯಂತ್ರ ತನ್ನನ್ನು ಕಾಪಾಡಿಕೊಂಡಿತು.

ಹಾಗಾದರೆ ಮೂರು ಸಲ ತುಂಬಿಸಿದ ಗ್ಯಾಸಿನ ಸಂಗತಿಯೇನು ಎಂದು ಕೇಳಿದೆವು. ಪ್ರತಿ ಸಲವೂ ಗ್ಯಾಸು ಮುಗಿದಿದೆ ಎಂದರಲ್ಲ? ಮಿಸ್ತ್ರಿ ನಕ್ಕ. "ಗ್ಯಾಸೇನು ಡೀಸೆಲ್ ಏನ್ರಿ, ಸುಟ್ಟು ಖಾಲಿ ಆಗಾಕ? ಕಮ್ಮಿ ಆಗೇತಿ ಅಂದ್ರ ಎಲ್ಲಿಂದೋ ಸೋರೇತಿ."

ಈ ಮಾತಿಗೆ ನಾವು ತಲೆತಗ್ಗಿಸಬೇಕಾಯಿತು. ಹನ್ನೆರಡು ವರ್ಷದಿಂದ ಸರಕಾರಿ ಕಛೇರಿಯಲ್ಲಿ ಲೆಕ್ಕದ ಪುಸ್ತಕ ಬರೆಯುತ್ತಿದ್ದೇವೆ. ಖರ್ಚೇ ಇಲ್ಲದ ಬಾಬಿನಲ್ಲಿ ಶಿಲ್ಕು ಕಡಿಮೆಯಾದರೆ, "ಮುಗಿದಿದೆ, ಇನ್ನಷ್ಟು ಜಮಾ ಮಾಡಿ" ಎಂದು ಯಾವ ಗುಮಾಸ್ತನೂ ಬರೆಯಲಾರ. ಬರೆದರೆ ಮೇಲಧಿಕಾರಿ ಬಿಟ್ಟಾನೆಯೆ? ಹಣ ಎಲ್ಲಿ ಹೋಯಿತೆಂದು ಮೊದಲು ಹುಡುಕಬೇಕು. ಕಛೇರಿಯಲ್ಲಿ ಹತ್ತು ರೂಪಾಯಿಗೆ ಮಾಡುವ ತನಿಖೆಯನ್ನು ನಮ್ಮ ಸ್ವಂತ ಆರು ಸಾವಿರಕ್ಕೆ ಮಾಡಿರಲಿಲ್ಲ. ಹಳೆಯ ಗಾಡಿಯ ರಬ್ಬರು ಕೊಳವೆಗಳಿಂದ ವರ್ಷವರ್ಷವೂ ಅಷ್ಟಿಷ್ಟು ಜಾರುವುದುಂಟು, ಹತ್ತು ಹನ್ನೆರಡು ವರ್ಷಕ್ಕೊಮ್ಮೆ ತುಂಬಿಸಬೇಕಾಗಿ ಬಂದರೆ ಸೋಜಿಗವಿಲ್ಲ ಎಂದು ಮಿಸ್ತ್ರಿಯೂ ಒಪ್ಪಿದ. ಐದಾರು ತಿಂಗಳಿಗೊಮ್ಮೆ ಎಂದರೆ ಅದು ತೂತು.

ತೂತು ಹುಡುಕಲು ಅವನಿಗೆ ಬಹಳ ಹೊತ್ತು ಹಿಡಿಯಲಿಲ್ಲ. ಗ್ಯಾಸಿನೊಡನೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತಿರುವುದರಿಂದ ಸೋರಿದಲ್ಲಿ ಎಣ್ಣೆಯ ಜಿಡ್ಡು, ಅದರ ಮೇಲೆ ಧೂಳು ಕೂತಿರುತ್ತದೆ. ಗ್ಯಾಸು ತುಂಬುವ ಬಾಯಿಗೆ ಸೈಕಲ್ಲಿನ ಟ್ಯೂಬಿನಲ್ಲಿರುವಂಥದೇ ಒಂದು ಪುಟ್ಟ ವಾಲ್ವು, ಅದರ ಮೇಲೊಂದು ಮುಚ್ಚಳ. ನಮ್ಮ ಗಾಡಿಯಲ್ಲಿ ಆ ಮುಚ್ಚಳವಿರಲಿಲ್ಲ. ಯಾವ ಗ್ಯಾರೇಜಿನ ನೆಲದಲ್ಲಿ ಉಳಿಯಿತೋ ತಿಳಿಯದು. ಬಾಯಿಯ ಸುತ್ತ ಕಪ್ಪು ಜಿಡ್ಡು ಕಟ್ಟಿತ್ತು. ಸೋಪಿನ ನೀರು ಹಚ್ಚಿದಾಗ ಸಾಸಿವೆಯಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೊಂದು ಎದ್ದಿತು. ಜಿಡ್ಡು ಕಾಣದಿದ್ದರೆ, ಗುಳ್ಳೆ ಏಳದಿದ್ದರೆ ಗ್ಯಾಸಿನಲ್ಲಿ ಹೊಳೆಯುವ ಬಣ್ಣ ಬೆರೆಸಿ ನೇರಳೆ ದೀಪದಲ್ಲಿ ನೋಡುವ ಉಪಾಯವೂ ಇದೆಯಂತೆ. ಕೂಲಿಂಗ್ ಕಾಯಿಲೇ ತೂತಾಗಿದ್ದರೆ ಡ್ಯಾಶ್‌ಬೋರ್ಡು ಬಿಚ್ಚಬೇಕು, ಅದು ಒಂದು ದಿನದ ಕೆಲಸ. ನಮ್ಮ ಅದೃಷ್ಟಕ್ಕೆ ಅಷ್ಟು ದೂರ ಹೋಗಲಿಲ್ಲ.

ವಾಲ್ವು ಬದಲಿಸುವ ಮೊದಲು ಒಳಗಿದ್ದ ಗ್ಯಾಸನ್ನು ಮಿಸ್ತ್ರಿ ಗಾಳಿಗೆ ಬಿಡಲಿಲ್ಲ. ಯಂತ್ರದಿಂದ ಒಂದು ಸಿಲಿಂಡರಿಗೆ ಎಳೆದುಕೊಂಡ. ಈ ಗ್ಯಾಸು ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಇದಕ್ಕಿಂತ ಹಿಂದೆ ಬಳಕೆಯಲ್ಲಿದ್ದ ಆರ್-೧೨ ಎಂಬುದು ಮೇಲಿನ ಓಜೋನ್ ಪದರವನ್ನೇ ತಿನ್ನುತ್ತಿತ್ತು; ೧೯೮೭ರ ಮಾಂಟ್ರಿಯಲ್ ಒಪ್ಪಂದದಿಂದ ಅದಕ್ಕೆ ಕಡಿವಾಣ ಬಿತ್ತು. ಇಪ್ಪತ್ತೈದು ಮೂವತ್ತು ವರ್ಷ ಹಳೆಯ ಗಾಡಿಯಿದ್ದವರು ಒಂದು ಮಾತು ನೆನಪಿಡಬೇಕು. ಆರ್-೧೨ರ ಗಾಡಿಗೆ ಸುಮ್ಮನೆ ಹೊಸ ಗ್ಯಾಸು ತುಂಬಿದರಾಗದು. ಎಣ್ಣೆ ಬೇರೆ, ಡ್ರೈಯರು ಬೇರೆ, ತುಂಬುವ ಬಾಯಿಯೂ ಬೇರೆ. ಇನ್ನು ಕೆಲವರು ಅಗ್ಗವೆಂದು ಅಡಿಗೆಯ ಗ್ಯಾಸನ್ನೇ ಏಸಿಗೆ ತುಂಬಿಸುತ್ತಾರೆಂದು ಮಿಸ್ತ್ರಿ ಹೇಳಿದಾಗ ನಾವು ತಮಾಷೆ ಎಂದುಕೊಂಡೆವು. ತಂಪೇನೋ ಬರುತ್ತದೆ, ಕಾಯಿಲು ಸೋರಿದ ದಿನ ಮುಚ್ಚಿದ ಗಾಡಿಯೊಳಗೆ ಒಂದು ಕಿಡಿ ಸಾಕು. ಅಂಥ ಗ್ಯಾರೇಜಿನಿಂದ ಗಾಡಿ ಹಿಂದೆ ತಿರುಗಿಸಿಕೊಂಡು ಬರುವುದೇ ಲೇಸು.

ಎಳೆದುಕೊಂಡ ಗ್ಯಾಸನ್ನು ತೂಗಿದರೆ ೭೨೦ ಗ್ರಾಂ. ಬಾನೆಟ್ಟಿನ ಒಳಗಡೆ ಅಂಟಿಸಿದ ಚೀಟಿಯಲ್ಲಿ ಈ ಗಾಡಿಗೆ ಬೇಕಾದದ್ದು ೫೫೦ ಗ್ರಾಂ ಎಂದು ಅಚ್ಚಾಗಿತ್ತು. ಸೋರುತ್ತಿದ್ದ ಖಾತೆಯಲ್ಲಿ ಶಿಲ್ಕು ಹೆಚ್ಚು! ಇದೆಂಥ ಲೆಕ್ಕವೆಂದು ನಾವು ಬೆರಗಾದೆವು. ಕಾರಣ ಸರಳ. ಪಂಖೆ ನಿಂತ ಗಾಡಿಯನ್ನು ನಿಲ್ಲಿಸಿಯೇ ತುಂಬಿಸಿದ್ದಾರೆ; ನಿಂತಲ್ಲಿ ತಂಪು ಬರುವುದು ಸಾಧ್ಯವಿಲ್ಲ; ತಂಪು ಬರಲಿಲ್ಲವೆಂದು ಇನ್ನೂ ಇನ್ನೂ ತುಂಬಿದ್ದಾರೆ. ತಕ್ಕಡಿಯಿಲ್ಲದೆ ಕೊಳವೆ ಮುಟ್ಟಿ ಮುಟ್ಟಿ ಅಂದಾಜಿನ ಮೇಲೆ ಸುರಿದದ್ದು. ಹೆಚ್ಚಾದ ಗ್ಯಾಸು ಕಂಡೆನ್ಸರಿನಲ್ಲಿ ತುಂಬಿಕೊಂಡು ಒತ್ತಡವನ್ನು ಇನ್ನಷ್ಟು ಏರಿಸುತ್ತದೆ. ಎಂದರೆ, ತಾಯಿಯವರ ಪ್ರಯಾಣ ಸುಖವಾಗಲೆಂದು ನಾವು ಕೊಟ್ಟ ೨,೨೦೦ ರೂಪಾಯಿ ಮೊಹೋಳದಲ್ಲಿ ಅವರಿಗೆ ವಿರುದ್ಧವಾಗಿ ಕೆಲಸ ಮಾಡಿತ್ತು.

ಹೊಸ ವಾಲ್ವು, ಎರಡು ಮುಚ್ಚಳ, ಹೊಸ ಪಂಖೆ ಮೋಟಾರು ಹಾಕಿದ ಮೇಲೆ ಮುಕ್ಕಾಲು ಗಂಟೆ ವ್ಯಾಕ್ಯೂಮ್ ಪಂಪು ಓಡಿತು. ಭಾವಮೈದುನ ಚಡಪಡಿಸಿದ; ಮಿಸ್ತ್ರಿ ಕದಲಲಿಲ್ಲ. ಕೊಳವೆಯೊಳಗೆ ಗಾಳಿ ಉಳಿದರೆ ಅದು ದ್ರವವಾಗದೆ ಕಂಡೆನ್ಸರಿನ ಜಾಗ ತಿನ್ನುತ್ತದೆ. ತೇವ ಉಳಿದರೆ ಎಕ್ಸ್‌ಪ್ಯಾನ್ಷನ್ ವಾಲ್ವಿನ ಕಿರುಗಂಡಿಯಲ್ಲಿ ಹಿಮಗಟ್ಟಿ ದಾರಿ ಮುಚ್ಚುತ್ತದೆ, ಎಣ್ಣೆಯನ್ನೂ ಕೆಡಿಸುತ್ತದೆ. ನಿರ್ವಾತದಲ್ಲಿ ನೀರು ಸಾಧಾರಣ ಸೆಖೆಗೇ ಕುದಿದು ಆವಿಯಾಗಿ ಹೊರಟುಹೋಗುತ್ತದೆ. ಪಂಪು ನಿಲ್ಲಿಸಿ ಇಪ್ಪತ್ತು ನಿಮಿಷ ಮುಳ್ಳನ್ನು ನೋಡುತ್ತ ಚಹಾ ಕುಡಿದೆವು. ಮುಳ್ಳು ಅಲುಗಲಿಲ್ಲ, ಸೋರಿಕೆಯಿಲ್ಲ. ಆಮೇಲೆ ತಕ್ಕಡಿಯ ಮೇಲೆ ಸಿಲಿಂಡರಿಟ್ಟು ೫೫೦ ಗ್ರಾಂ ಎಣಿಸಿ ಬಿಟ್ಟ. ನಿಂತ ಗಾಡಿಯ ಗಾಳಿಕಂಡಿಯಲ್ಲಿ ಇಟ್ಟ ಥರ್ಮಾಮೀಟರು ಹತ್ತು ಡಿಗ್ರಿಗೆ ಇಳಿಯಿತು. ಮೋಟಾರಿಗೆ ೨,೨೦೦, ವಾಲ್ವು ಮುಚ್ಚಳಗಳಿಗೆ ೬೦, ಉಳಿದೆಲ್ಲ ಕೆಲಸಕ್ಕೆ ೧,೫೦೦. ಒಟ್ಟು ೩,೭೬೦ ರೂಪಾಯಿ.

ಪಂಪು ಓಡುವಾಗ ಮಿಸ್ತ್ರಿ ಹೇಳಿದ ಬೇರೆ ರೋಗಗಳನ್ನೂ ಬರೆದುಕೊಂಡೆವು. ನಮ್ಮದಲ್ಲದಿದ್ದರೂ ಯಾರಿಗಾದರೂ ಬೇಕಾದಾವು. ಮೊದಲು ಅರ್ಧ ಗಂಟೆ ತಂಪು ಬಂದು, ಆಮೇಲೆ ಗಾಳಿಯೇ ಸಣ್ಣದಾಗಿ, ಗಾಡಿ ನಿಲ್ಲಿಸಿದ ಮೇಲೆ ಕೆಳಗೆ ಬಹಳ ನೀರು ಸುರಿದರೆ ಕಾಯಿಲಿನ ಮೇಲೆ ಹಿಮಗಟ್ಟುತ್ತಿದೆ. ತಂಪನ್ನು ಅಳೆದು ಕಂಪ್ರೆಸರು ನಿಲ್ಲಿಸುವ ಸಾಧನವನ್ನು ನೋಡಿಸಬೇಕು. ಬೆಳಿಗ್ಗೆ ಚೆನ್ನಾಗಿದ್ದು ಎಂಜಿನ್ ಕಾದ ಮೇಲೆ 'ಟಕ್' ಶಬ್ದವೇ ನಿಂತರೆ ಕ್ಲಚ್ಚು ಸವೆದು ಅಂತರ ಹೆಚ್ಚಿರಬಹುದು. ಅದಕ್ಕೆ ಕಂಪ್ರೆಸರನ್ನೇ ಬದಲಿಸಬೇಕೆಂದು ಹೇಳುವವರಿದ್ದಾರೆ, ಒಪ್ಪಬಾರದು. ಬ್ಲೋವರು ಕೊನೆಯ ಹಂತದಲ್ಲಿ ಮಾತ್ರ ತಿರುಗಿದರೆ ಕೆಟ್ಟದ್ದು ರೆಸಿಸ್ಟರು, ಚಿಕ್ಕ ಸಾಮಾನು. ಒಳಗೆ ಕೂತವರ ಕಾಲಡಿ ನೀರು ಸೋರಿದರೆ ಹೊರಹೋಗುವ ನಳಿಕೆ ಕಟ್ಟಿದೆ, ಊದಿ ಬಿಡಿಸಿದರಾಯಿತು. ಗೇಜು, ಕೊಳವೆ, ಪಂಖೆ ಎಲ್ಲ ಸರಿಯಿದ್ದೂ ಗಾಳಿ ಬೆಚ್ಚಗಿದ್ದರೆ ಹೀಟರಿನ ಬಿಸಿನೀರಿನ ವಾಲ್ವು ಪೂರ್ತಿ ಮುಚ್ಚದೆ ತಂಪಿಗೆ ಬಿಸಿ ಬೆರೆಸುತ್ತಿದೆಯೋ ಏನೋ ನೋಡಬೇಕು. ಹಳೆಯ ಪಿಕಪ್ಪುಗಳಲ್ಲಿ ಇದು ಬಹಳ, ನಮ್ಮ ಸೆಖೆಯ ನಾಡಿನಲ್ಲಿ ಹೀಟರು ಇದೆಯೆಂಬುದೇ ಯಾರಿಗೂ ನೆನಪಿರುವುದಿಲ್ಲ. ಇಲಿಯ ವಿಚಾರ ಮಿಸ್ತ್ರಿ ಹೇಳುವ ಮೊದಲೇ ನಮಗೆ ಗೊತ್ತಿತ್ತು. ಕಾಳಿನ ಚೀಲ ಹೊರುವ ಗಾಡಿಯ ಬ್ಲೋವರಿನಲ್ಲಿ ಅದು ಸಂಸಾರ ಹೂಡದೆ ಇರುತ್ತದೆಯೆ?

ಗೃಹಸ್ಥರು ತಾವೇ ಮಾಡಬಹುದಾದ್ದು ಇಷ್ಟು: ಹೊರಡುವ ಹಿಂದಿನ ದಿನ ಮಧ್ಯಾಹ್ನದ ಬಿಸಿಲಿನಲ್ಲಿ ಗಾಡಿಯನ್ನು ನಿಲ್ಲಿಸಿ, ಏಸಿ ಹಾಕಿ, ಕಾಲು ಗಂಟೆ ಒಳಗೆ ಕೂತು ನೋಡುವುದು. ಬೆಳಗಿನ ತಂಪಿನಲ್ಲಿ ಎರಡು ಸುತ್ತು ಓಡಿಸಿ ಪರೀಕ್ಷೆಯಾಯಿತೆಂದುಕೊಂಡವರು ನಾವು. ಮುಂದಿನ ಪಂಖೆ ತಿರುಗುತ್ತಿದೆಯೆ, ಪಟ್ಟಿ ಕಿರುಗುಟ್ಟುತ್ತದೆಯೆ, ಎರಡು ಮುಚ್ಚಳಗಳೂ ಇವೆಯೆ ಎಂದು ನೋಡಲು ಮಿಸ್ತ್ರಿ ಬೇಕಿಲ್ಲ. ಕೊಳವೆಗಳನ್ನು ಮಾತ್ರ ತಾವಾಗಿ ಬಿಚ್ಚಬಾರದು; ಚಿಮ್ಮುವ ಗ್ಯಾಸು ಕಣ್ಣಿಗೋ ಕೈಗೋ ತಾಗಿದರೆ ಹಿಮದಿಂದ ಸುಡುತ್ತದೆ. ದಾರಿಯಲ್ಲಿ ತಂಪು ನಿಂತರೆ ಆ ಕ್ಷಣವೇ ಖಿಡಕಿ ತೆರೆಯಬೇಕು. ಮಕ್ಕಳನ್ನಾಗಲಿ ವೃದ್ಧರನ್ನಾಗಲಿ ಮುಚ್ಚಿದ ಗಾಡಿಯಲ್ಲಿ ಬಿಟ್ಟು "ಎರಡೇ ನಿಮಿಷ" ಎಂದು ಇಳಿಯಬಾರದು. ಎಂಜಿನ್ ಚಾಲೂ ಇಟ್ಟು ಏಸಿಯಲ್ಲಿ ನಿದ್ದೆ ಹೋಗುವುದಂತೂ ಕೂಡದು. ಹೊಗೆಕೊಳವೆ ಸೋರಿ ಒಳಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

೨೦೨೫ರ ಅಕ್ಟೋಬರ್ ೧ರ ನಂತರ ತಯಾರಾಗುವ ಮೂರೂವರೆ ಟನ್ನು ಮೀರಿದ ಲಾರಿಗಳಿಗೆಲ್ಲ ಚಾಲಕರ ಕೋಣೆಯಲ್ಲಿ ಏಸಿ ಇರಲೇಬೇಕೆಂದು ಸರಕಾರದ ನಿಯಮವಾಗಿದೆ. ಒಳ್ಳೆಯದೇ ಆಯಿತು. ಮೊಹೋಳದಲ್ಲಿ ನಮ್ಮ ಎಡಬಲದ ಲಾರಿಗಳವರು ತಲೆಗೆ ಒದ್ದೆ ಟವೆಲು ಸುತ್ತಿ ಕೆಳಗಿಳಿದು ಚಕ್ರದ ನೆರಳಿನಲ್ಲಿ ಕೂತಿದ್ದರು. ಅವರಿಗೆ ಏಸಿಯಿರಲಿಲ್ಲ, ಆದ್ದರಿಂದ ಅದನ್ನು ನಂಬಿ ಒಳಗೆ ಕೂರುವ ಪ್ರಮೇಯವೂ ಬರಲಿಲ್ಲ.

ಮಧ್ಯಾಹ್ನ ಎರಡಕ್ಕೆ ತಾಯಿಯವರನ್ನು ಆಸ್ಪತ್ರೆಯಿಂದ ಬಿಟ್ಟರು. ಮಣೆಯಿಟ್ಟು ಹತ್ತಿಸಿದೆವು. ಸಿದ್ಧರಾಮೇಶ್ವರನ ಗುಡಿಗೆ ಹೊರಗಿನಿಂದಲೇ ಕೈಮುಗಿದು ಹೊರಟವರು, ಊರ ಹೊರಗಿನ ಸಿಗ್ನಲಿನಲ್ಲಿ ನಿಂತಾಗ ನಾವು ಮೂವರೂ ಉಸಿರು ಬಿಗಿಹಿಡಿದು ಗಾಳಿಕಂಡಿಗೆ ಕೈಯೊಡ್ಡಿ ಕೂತಿದ್ದೆವು. ತಂಪು ಹಾಗೆಯೇ ಬರುತ್ತಿತ್ತು. ಮುಂದಿನ ಹೊಸ ಪಂಖೆಯ ಸದ್ದು ಸಣ್ಣಗೆ ಕೇಳಿಸುತ್ತಿತ್ತು. ಧೂಳಖೇಡದ ಹತ್ತಿರ ಭೀಮಾ ನದಿಯ ಸೇತುವೆ ಹತ್ತಿದಾಗ ತಾಯಿಯವರು ಶಾಲು ಎಳೆದುಕೊಂಡು, "ಥಂಡಿ ಭಾಳ ಆತೋ ತಮ್ಮಾ, ಅದನ್ನ ಬಂದ್ ಮಾಡು. ಖಿಡಕಿ ತೆಗಿ, ಹೊಳಿ ಗಾಳಿ ಬರಲಿ" ಎಂದರು.

ಭಾವಮೈದುನ ನಮ್ಮ ಮುಖ ನೋಡಿದ. ನಾವು ಖಿಡಕಿ ಇಳಿಸಿದೆವು.